‘ಉಳಿಸಿಕೊಂಡು ಏನು ಮಾಡ್ತೀರಿ?’

ಬೆನ್ನುಹುರಿ ಹೊರಚಾಚಿ ಹುಟ್ಟಿದ ಮಗುವಿನ ತಾಯ್ತಂದೆಯರಿಗೆ ನಮ್ಮಲ್ಲಿ ಎದುರಾಗುವ ಪ್ರಶ್ನೆ ಇದು. ಕೇಳುವವರು ಕರುಣೆಯಿಂದಲೇ ಕೇಳುತ್ತಾರೆ. ನನ್ನ ತಕರಾರು ಆ ಕರುಣೆಯ ಮೇಲೆಯೇ.

ಗರ್ಭ ಕಟ್ಟಿದ ನಾಲ್ಕು ವಾರದೊಳಗೆ ಭ್ರೂಣದ ನರಕೊಳವೆ ಮುಚ್ಚಿಕೊಳ್ಳಬೇಕು. ತಲೆಯ ಕಡೆ ಮುಚ್ಚದಿದ್ದರೆ ಅನೆನ್ಸೆಫಲಿ: ಮಿದುಳಿನ ಬಹುಭಾಗ ಬೆಳೆಯುವುದೇ ಇಲ್ಲ, ಜೀವಂತ ಹುಟ್ಟಿದರೂ ಸಾಮಾನ್ಯವಾಗಿ ಕೆಲವು ಗಂಟೆ, ಕೆಲವು ದಿನ. ಅಲ್ಲಿ ಶಸ್ತ್ರಚಿಕಿತ್ಸೆಗೆ ಕೆಲಸವಿಲ್ಲ. ನೋವಾಗದಂತೆ, ಬೆಚ್ಚಗೆ, ತಾಯಿಯ ಮಡಿಲಲ್ಲಿಡುವುದೇ ಆರೈಕೆ. ಇದನ್ನು ಒಪ್ಪುತ್ತೇನೆ. ಬೆನ್ನಿನ ಕಡೆ ಮುಚ್ಚದ ಸ್ಪೈನಾ ಬೈಫಿಡಾವನ್ನೂ ಅದೇ ತಕ್ಕಡಿಯಲ್ಲಿ ತೂಗುವುದನ್ನು ಮಾತ್ರ ಒಪ್ಪಲಾರೆ.

1971ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಮಕ್ಕಳ ತಜ್ಞ ಜಾನ್ ಲೋರ್ಬರ್ 524 ಮಕ್ಕಳ ಲೆಕ್ಕ ಮುಂದಿಟ್ಟು, ಕಾಲುಗಳ ಸ್ವಾಧೀನ ತೀರಾ ತಪ್ಪಿದ, ತಲೆ ವಿಪರೀತ ದೊಡ್ಡದಾದ, ಬೆನ್ನು ಗೂನಾದ ಶಿಶುಗಳಿಗೆ ಚಿಕಿತ್ಸೆ ಬೇಡವೆಂದು ವಾದಿಸಿದರು. ಹಾಗೆ ಬಿಟ್ಟ ಮಕ್ಕಳಲ್ಲಿ ಹೆಚ್ಚಿನವು ಸತ್ತವು. ಸತ್ತ ಮಗು ಯಾರ ಭವಿಷ್ಯವಾಣಿಯನ್ನೂ ಸುಳ್ಳು ಮಾಡಲಾರದು. ಮರುವರ್ಷವೇ ಅಮೆರಿಕದ ಮಿಶಿಗನ್‌ನಲ್ಲಿ ಜ್ಯಾಕ್ ಲ್ಯಾಪಿಡಿಸ್ ಒಂದು ಸರಳ ಉಪಾಯ ಪ್ರಕಟಿಸಿದರು: ತೊಳೆದ ಕೈ, ತೊಳೆದ ನಳಿಕೆ, ಕೆಲವು ಗಂಟೆಗೊಮ್ಮೆ ಮೂತ್ರ ತೆಗೆಯುವುದು. ಈ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಮುಖ್ಯ ಕಾರಣಗಳಲ್ಲಿ ಕಿಡ್ನಿ ಕೆಡುವುದೂ ಒಂದು. 1971ರ ಜಾತಕದಲ್ಲಿ ಆ ನಳಿಕೆ ಇರಲಿಲ್ಲ.

ಆದರೂ ಜಾತಕ ಬರೆಯುವುದು ನಿಲ್ಲಲಿಲ್ಲ. 2005ರಲ್ಲಿ ಗ್ರೋನಿಂಗನ್ ನಿಯಮಾವಳಿಯನ್ನು ಮಂಡಿಸಿದ ನೆದರ್ಲೆಂಡ್ಸ್‌ನ ವೈದ್ಯರು, ಏಳು ವರ್ಷಗಳಲ್ಲಿ ಅಲ್ಲಿ ವರದಿಯಾದ 22 ಶಿಶುಗಳ ದಯಾಮರಣವನ್ನು ಪ್ರಸ್ತಾಪಿಸಿದರು. ಎಲ್ಲವೂ ತೀವ್ರ ಸ್ಪೈನಾ ಬೈಫಿಡಾದವು. ಇಂದಿನ ನೋವನ್ನು ಔಷಧದಿಂದ ಇಳಿಸಬಹುದು. ನಾಳೆಯ ನೋವಿನ ಊಹೆಗೆ ಸಾವೇ ಮದ್ದೆ?

ನಮ್ಮಲ್ಲಿ ಅಂಥ ನಿಯಮಾವಳಿ ಇಲ್ಲ, ಬೇಕಾಗಿಯೂ ಇಲ್ಲ. ‘ಮನೆಗೆ ಕರಕೊಂಡು ಹೋಗಿ’ ಎಂದರೆ ಸಾಕು. ಜೊತೆಗೆ ತಾಯಿಗೊಂದು ವಿಚಾರಣೆ: ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ? ಬಸಿರಾಗುವ ಮುಂಚೆಯೇ ಫೋಲಿಕ್ ಆಮ್ಲ ಸಿಕ್ಕಿತ್ತೇ ಎಂದು ಯಾರೂ ಕೇಳುವುದಿಲ್ಲ. ಹಿಂದೆ ಇಂಥ ಮಗು ಹೆತ್ತ ತಾಯಂದಿರಲ್ಲಿ ಅದು ಮರುಕಳಿಸುವುದನ್ನು ಆ ಮಾತ್ರೆ 72 ಪ್ರತಿಶತ ತಗ್ಗಿಸಿದ್ದು 1991ರಲ್ಲೇ ಸಾಬೀತಾಗಿದೆ. ಬಸಿರು ಗೊತ್ತಾದ ಮೇಲೆ ಕೊಟ್ಟರೆ ಹೆಚ್ಚಿನ ಸಲ ತಡವಾಗಿರುತ್ತದೆ.

ಎಲ್ಲ ತಿಳಿದೂ ದಂಪತಿ ಬೇರೆ ತೀರ್ಮಾನಕ್ಕೆ ಬಂದರೆ ಅವರನ್ನು ದೂರುವ ಹಕ್ಕು ನನಗಿಲ್ಲ. ತಿಳಿಸದೆಯೇ ಅವರ ಬಾಯಿಂದ ‘ಬೇಡ’ ಹೊರಡಿಸುವವರೊಡನೆ ನನ್ನ ಜಗಳ.

ಉಳಿಸಿಕೊಂಡು ಏನು ಮಾಡುತ್ತಾರೆ? ಬೆನ್ನು ಹೊಲಿಸುತ್ತಾರೆ, ತಲೆಯಲ್ಲಿ ನೀರು ತುಂಬಿದರೆ ಶಂಟ್ ಹಾಕಿಸುತ್ತಾರೆ, ನಳಿಕೆ ಹಾಕುವುದನ್ನು ಕಲಿಯುತ್ತಾರೆ. ಮಗು ಶಾಲೆಯ ಬಾಗಿಲಿಗೆ ಬಂದಾಗ ಅಲ್ಲಿ ಗಾಲಿಕುರ್ಚಿ ಹತ್ತುವ ದಾರಿ ಇದೆಯೇ ಎಂಬುದಕ್ಕೆ ಉತ್ತರ ಹೇಳಬೇಕಾದವರು ಹೆತ್ತವರಲ್ಲ, ನಾವು.