ಬಿಟ್ಟುಹೋದವರನ್ನು ಮರಳಿ ಸೇರಿಸಿಕೊಳ್ಳಬಹುದೆ?

ಯುಗಾದಿ ಸಮೀಪಿಸಿದಂತೆ ನಮ್ಮ ಭಾಗದ ಒಕ್ಕಲು ಮನೆಗಳಲ್ಲಿ ಹಳೆಯದೊಂದು ಪ್ರಶ್ನೆ ಹೊಸದಾಗಿ ತಲೆಯೆತ್ತುವುದುಂಟು. ಹಿಂದೆ ಕೆಲಸ ಬಿಟ್ಟುಹೋದ ಆಳು ಮತ್ತೆ ಬಂದು ಕೇಳುತ್ತಾನೆ. ಅವನನ್ನು ಸೇರಿಸಿಕೊಳ್ಳಬೇಕೆ, ಬೇಡವೆ? ಧನ್ವಾಡದ ರೈತನಿಗೆ ಎದುರಾಗುವ ಈ ಪ್ರಶ್ನೆ ನಾರಾಯಣಪೇಟೆಯ ಮಗ್ಗದ ಯಜಮಾನನಿಗೂ ಮಕ್ತಲ್, ಗದ್ವಾಲಗಳ ಅಂಗಡಿಕಾರರಿಗೂ ಅಷ್ಟೇ ಪರಿಚಿತವಾದುದು.

ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಒಮ್ಮೆ ಹೋದವನು ಮತ್ತೆ ಈ ಹೊಸ್ತಿಲು ತುಳಿಯಕೂಡದು ಎಂಬುದು ಒಂದು. ಪಾಪ, ಬಂದಿದ್ದಾನೆ, ಇರಲಿ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಪ್ರತಿಷ್ಠೆಯೂ ಎರಡನೆಯದರಲ್ಲಿ ಕನಿಕರವೂ ಮಾತನಾಡುತ್ತವೆ. ಅವನು ಹೋದುದು ಏಕೆ ಎಂದು ಎರಡರಲ್ಲಿಯೂ ಯಾರೂ ಕೇಳುವುದಿಲ್ಲ. ಆ ಕಾರಣವನ್ನು ಮೊದಲು ತಿಳಿದು ಬಳಿಕ ತೀರ್ಮಾನಕ್ಕೆ ಬರಬೇಕೆಂಬುದು ನಮ್ಮ ಅಭಿಪ್ರಾಯ.

ತಮ್ಮದೇನೂ ತಪ್ಪಿಲ್ಲದೆ ಕೆಲಸ ಕಳೆದುಕೊಂಡವರು ಕೆಲವರಿರುತ್ತಾರೆ. ತೆಲಂಗಾಣದ ಸರಕಾರಿ ಶಾಲೆಗಳಲ್ಲಿ ಶಿಕ್ಷಕರ ಕೊರತೆಯನ್ನು ತುಂಬುತ್ತಿದ್ದ ವಿದ್ಯಾ ವಾಲಂಟೀರರನ್ನು ಶೈಕ್ಷಣಿಕ ವರ್ಷದ ಲೆಕ್ಕದಲ್ಲಿ ನೇಮಿಸಿಕೊಳ್ಳಲಾಗುತ್ತಿತ್ತು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದ ಬಳಿಕ ಅವರನ್ನು ಮತ್ತೆ ಕರೆಯಲಿಲ್ಲ. ಅವರ ಬೋಧನೆಯಲ್ಲಿ ದೋಷವಿದ್ದುದರಿಂದ ಹೀಗಾಯಿತೆಂದು ಯಾರೂ ಹೇಳಲಾರರು. ಇಂಥವರ ವಿಷಯದಲ್ಲಿ ಕಾನೂನಿನ ನಿಲುವು ಸ್ಪಷ್ಟವಾಗಿದೆ. ಕೈಗಾರಿಕೆಗಳಲ್ಲಿ ಕಡಿತಗೊಂಡ ಕಾರ್ಮಿಕರಿಗೆ, ಮುಂದೆ ಜನರನ್ನು ತೆಗೆದುಕೊಳ್ಳುವಾಗ ಹೊಸಬರಿಗಿಂತ ಮೊದಲು ಅವಕಾಶ ನೀಡಬೇಕೆಂಬ ನಿಯಮವು 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿತು. ಅದರ ಸ್ಥಾನಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಒಂದು ವರ್ಷದ ಮಿತಿಯೊಡನೆ ಅದೇ ತತ್ತ್ವವನ್ನು ಉಳಿಸಿಕೊಂಡಿದೆ. ಮನೆಗೆಲಸಕ್ಕೂ ಹೊಲದ ಕೆಲಸಕ್ಕೂ ಆ ಕಲಮು ಅನ್ವಯಿಸದಿರಬಹುದು. ಅದರ ಹಿಂದಿರುವ ನ್ಯಾಯವಾದರೋ ಎಲ್ಲೆಡೆಗೂ ಸಲ್ಲುತ್ತದೆ. ಮಳೆಯಿಲ್ಲದ ವರ್ಷ ನಾವೇ ಕಳುಹಿಸಿದ ಆಳನ್ನು ಬೆಳೆ ಬಂದ ವರ್ಷ ಮರೆಯುವುದು ತರವಲ್ಲ.

ಜಗಳದಿಂದ ಅಗಲಿದವರ ವಿಚಾರ ಇದಕ್ಕಿಂತ ಜಟಿಲವಾದುದು. 2019ರ ಅಕ್ಟೋಬರ್ 5ರಂದು ತೆಲಂಗಾಣದ ರಸ್ತೆ ಸಾರಿಗೆ ಸಂಸ್ಥೆಯ ಸುಮಾರು 48,000 ನೌಕರರು ಮುಷ್ಕರ ಹೂಡಿದುದನ್ನು ವಾಚಕರು ಮರೆತಿರಲಾರರು. ದಸರೆಯ ಹೊತ್ತಿನಲ್ಲಿ ಬಸ್ಸುಗಳು ನಿಂತುವು. ಶಾಲೆಗಳ ರಜೆಯನ್ನು ಸಹ ಅಕ್ಟೋಬರ್ 19ರವರೆಗೆ ಮುಂದುವರಿಸಬೇಕಾಯಿತು. ಗಡುವಿನೊಳಗೆ ಹಾಜರಾಗದವರು ತಾವಾಗಿಯೇ ಕೆಲಸ ಕಳೆದುಕೊಂಡಂತೆ ಎಂದು ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರು ಸಾರಿದರು. ಐವತ್ತೆರಡು ದಿನಗಳ ಬಳಿಕ ನೌಕರರು ಮುಷ್ಕರವನ್ನು ಹಿಂತೆಗೆದುಕೊಂಡರು. ನವೆಂಬರ್ 28ರಂದು ಅದೇ ಮುಖ್ಯಮಂತ್ರಿಗಳು, ಮರುದಿನವೇ ಎಲ್ಲರೂ ಕೆಲಸಕ್ಕೆ ಬರಬಹುದೆಂದು ಪ್ರಕಟಿಸಿದರು. ಮುಷ್ಕರದ ದಿನಗಳ ವೇತನವನ್ನೂ ಕೊಡುವುದಾಗಿ ಡಿಸೆಂಬರ್ 1ರಂದು ತಿಳಿಸಿದರು. ಆದರೆ ಆ ನಡುವಣ ದಿನಗಳಲ್ಲಿ ಕೆಲವು ನೌಕರರು ಪ್ರಾಣವನ್ನೇ ಕಳೆದುಕೊಂಡಿದ್ದರು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿರಬೇಕು.

ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಫೀಲ್ಡ್ ಅಸಿಸ್ಟೆಂಟರ ಕಥೆ ಇನ್ನೂ ದೀರ್ಘವಾದುದು. 2020ರ ಮಾರ್ಚಿಯಲ್ಲಿ ಮುಷ್ಕರ ಹೂಡಿದ ಏಳು ಸಾವಿರಕ್ಕೂ ಮಿಕ್ಕ ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಅದೇ ತಿಂಗಳು ಲಾಕ್‌ಡೌನ್ ಬಂದಿತು. ಹೊರಗೆ ದುಡಿಯಲು ಹೋಗಿದ್ದ ಪಾಲಮೂರಿನ ಕೂಲಿಕಾರರು ಹಳ್ಳಿಗಳಿಗೆ ಮರಳಿದರು. ಯಾವಾಗ ಊರಿನಲ್ಲಿ ಕೂಲಿಯ ಕೆಲಸ ಅತ್ಯಗತ್ಯವಾಯಿತೋ ಆಗ ಅದನ್ನು ಬಲ್ಲ ಕೈಗಳು ಹೊರಗುಳಿದುವು. ಹೊರೆಯೆಲ್ಲ ಪಂಚಾಯತಿ ಕಾರ್ಯದರ್ಶಿಗಳ ಮೇಲೆ ಬಿದ್ದಿತು. 2022ರ ಮಾರ್ಚ್ 15ರಂದು ಶಾಸನಸಭೆಯಲ್ಲಿ ಘೋಷಣೆಯಾಗಿ, ಆಗಸ್ಟ್ ತಿಂಗಳಲ್ಲಿ ಅವರನ್ನು ಮರಳಿ ತೆಗೆದುಕೊಳ್ಳುವ ಆಜ್ಞೆ ಹೊರಟಿತು. ಎರಡು ವರ್ಷಗಳ ನಂತರ ಮಾಡಿದುದನ್ನು ಎರಡು ತಿಂಗಳಲ್ಲಿ ಮಾಡಿದ್ದರೆ ಎಷ್ಟು ಮನೆಗಳ ಒಲೆ ಉರಿಯುತ್ತಿದ್ದಿತು!

ಹಾಗಾದರೆ ಎಲ್ಲರನ್ನೂ ಮರಳಿ ಕರೆಯಬೇಕೆ? ಖಂಡಿತ ಇಲ್ಲ. ಹಣ ಕದ್ದವನನ್ನು ಕ್ಷಮಿಸುವುದು ದೊಡ್ಡತನ. ಅವನ ಕೈಗೆ ಮತ್ತೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊಡುವುದು ಅವಿವೇಕ. ಮಕ್ಕಳಿಗೆ ಕೇಡು ಮಾಡಿದವನಿಗಾದರೋ ಶಾಲೆಯ ಬಾಗಿಲು ಎಂದೆಂದಿಗೂ ಮುಚ್ಚಿರತಕ್ಕದ್ದು. ಅಲ್ಲಿ ಕನಿಕರಕ್ಕೆ ಎಡೆಯಿಲ್ಲ.

ಹೆಚ್ಚಿನ ಕೂಲಿಯನ್ನು ಅರಸಿ ಪಟ್ಟಣಕ್ಕೆ ಹೋಗಿ ಬಂದವನನ್ನು ದ್ರೋಹಿಯೆಂದು ಬಗೆಯಬಾರದು. ಹೊಟ್ಟೆಪಾಡಿಗೆ ಹೋದವನು ಹೊಟ್ಟೆಪಾಡಿಗಾಗಿಯೇ ಮರಳಿದ್ದಾನೆ. ಬಹುಶಃ ಹೊಸದೊಂದು ಕೆಲಸವನ್ನೂ ಕಲಿತು ಬಂದಿದ್ದಾನೆ. ಆದರೆ ಹಳೆಯ ಮುಂಗಡದ ಲೆಕ್ಕ ತೋರಿಸಿ ಅವನನ್ನು ಎಳೆದು ತರುವುದು ಬೇರೆ ಮಾತು. ಸಾಲಕ್ಕಾಗಿ ದುಡಿಸಿಕೊಳ್ಳುವ ಜೀತವನ್ನು 1976ರ ಕಾಯಿದೆ ರದ್ದುಗೊಳಿಸಿದೆ. ಬರುವವನು ತನ್ನಿಚ್ಛೆಯಿಂದ ಬರಬೇಕು, ಬೇಡವೆನಿಸಿದರೆ ಹೋಗಲು ಸ್ವತಂತ್ರನಿರಬೇಕು.

ಇನ್ನೊಬ್ಬನನ್ನೂ ನಾವು ನೆನೆಯಬೇಕಾಗಿದೆ. ಬಿಟ್ಟುಹೋದವನ ಸ್ಥಾನದಲ್ಲಿ ಇಷ್ಟು ದಿನ ಬೆವರು ಸುರಿಸಿದವನು ಆತ. ಸಾರಿಗೆ ಮುಷ್ಕರದ ದಿನಗಳಲ್ಲಿ ದಿನಗೂಲಿಗೆ ಬಸ್ಸು ನಡೆಸಿದ ತಾತ್ಕಾಲಿಕ ಚಾಲಕರು, ಹಳಬರು ಮರಳಿದೊಡನೆ ಮನೆಗೆ ನಡೆಯಬೇಕಾಯಿತು. ಹಳಬನಿಗೆ ನ್ಯಾಯ ಮಾಡುವ ಭರದಲ್ಲಿ ಹೊಸಬನಿಗೆ ಅನ್ಯಾಯವಾಗಕೂಡದು. ಮರಳಿದವನಿಗೆ ಬಿಡದೆ ದುಡಿದವನಿಗಿಂತ ಹೆಚ್ಚು ಸಂಬಳ ಕೊಟ್ಟರೆ, ನಿಷ್ಠೆಗೆ ಬೆಲೆಯಿಲ್ಲವೆಂಬ ಪಾಠವನ್ನು ಮನೆಮಂದಿಗೆಲ್ಲ ಕಲಿಸಿದಂತಾಗುತ್ತದೆ.

ಆದುದರಿಂದ ಸೇರಿಸಿಕೊಳ್ಳುವ ಮುನ್ನ ಎದುರುಬದುರು ಕುಳಿತು ನಾಲ್ಕು ಮಾತು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು: ಹಿಂದೆ ಹೋದುದಕ್ಕೆ ಕಾರಣವೇನು, ಆ ಕಾರಣ ಈಗ ನೀಗಿದೆಯೆ, ಕೆಲಸವೇನು, ಇಂದಿನ ದರದಲ್ಲಿ ಸಂಬಳವೆಷ್ಟು. ಅವನ ದೂರಿನಲ್ಲಿ ಹುರುಳಿದ್ದರೆ ತಿದ್ದಿಕೊಳ್ಳಬೇಕಾದವನು ಯಜಮಾನನೇ. ಕಾಲು ಹಿಡಿಸಿಕೊಂಡು, ನಾಲ್ಕು ಜನರ ಮುಂದೆ ತಲೆ ತಗ್ಗಿಸಿ, ಆಮೇಲೆ ಒಳಗೆ ಕರೆದರೆ ಅವನ ಮೈ ದುಡಿದೀತು, ಮನಸ್ಸು ದುಡಿಯದು. ಬೇಡವೆಂದು ತೀರ್ಮಾನಿಸಿದರೆ ಅದನ್ನಾದರೂ ಅಂದೇ ಹೇಳಿಬಿಡಬೇಕು. ನಾಳೆ ಬಾ ಎಂದು ತಿಂಗಳುಗಟ್ಟಲೆ ಅಲೆಸಿದರೆ, ಬೇರೆಡೆ ಸಿಗಬಹುದಾದ ಕೆಲಸವೂ ಅವನಿಗೆ ತಪ್ಪಿಹೋಗುತ್ತದೆ.