ಅಪ್‌ಡೇಟ್ ಆಯಿತು, ಅಂಗಡಿ ಮುಚ್ಚಿತು

ಜಾಲತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ 4.9.3 ಆವೃತ್ತಿ 2018ರ ಫೆಬ್ರುವರಿ 5ರಂದು ಬಂದು ಯಾರನ್ನೂ ಕೇಳದೆ ಜಾಲತಾಣಗಳ ಒಳಹೊಕ್ಕಿತು. ಹೊಕ್ಕಿದ್ದಷ್ಟೇ ಅಲ್ಲ, ತನ್ನ ಹಿಂದೆ ಬರುವ ಅಪ್‌ಡೇಟ್ ತಾನಾಗಿ ಒಳಬರದಂತೆ ಚಿಲಕವನ್ನೂ ಹಾಕಿಕೊಂಡಿತು. ಅದರಲ್ಲಿದ್ದ ಒಂದು ದೋಷದ ಪ್ರತಾಪ ಅದು. ಮರುದಿನವೇ 4.9.4 ಬಂದರೂ ಹೆಚ್ಚಿನ ಕಡೆ ಮಾಲೀಕರೇ ಹೋಗಿ ಗುಂಡಿ ಒತ್ತಬೇಕಾಯಿತು. 2013ರಿಂದ ಎಲ್ಲವೂ ತಾನಾಗಿ ಆಗುತ್ತಿದ್ದುದರಿಂದ ಆ ಗುಂಡಿ ಎಲ್ಲಿದೆಯೆಂದೇ ಕೆಲವರಿಗೆ ಮರೆತಿದ್ದರೆ ಅಚ್ಚರಿಯಿಲ್ಲ.

ಹಾಗೆಂದು ತಾನಾಗಿ ಅಪ್‌ಡೇಟ್ ಆಗುವ ಏರ್ಪಾಡೇ ಬೇಡ ಎನ್ನುವವರು 2017ನ್ನು ನೆನೆಯಲಿ. ಜನವರಿ 26ರ 4.7.2 ಆವೃತ್ತಿ ಅಪಾಯಕಾರಿ ಕಿಂಡಿಯೊಂದನ್ನು ಸದ್ದಿಲ್ಲದೆ ಮುಚ್ಚಿತ್ತು. ಆದಷ್ಟು ತಾಣಗಳು ಬಚಾವಾಗಲಿ ಎಂದು ಕಿಂಡಿಯ ಸಂಗತಿಯನ್ನು ಫೆಬ್ರುವರಿ 1ರವರೆಗೆ ಗುಟ್ಟಾಗಿಟ್ಟರು. ಗುಟ್ಟು ಹೊರಬಿದ್ದದ್ದೇ ತಡ, ಅಪ್‌ಡೇಟ್ ಆಗದೆ ಉಳಿದಿದ್ದ ತಾಣಗಳ 15 ಲಕ್ಷಕ್ಕೂ ಹೆಚ್ಚು ಪುಟಗಳಿಗೆ ಕಿಡಿಗೇಡಿಗಳು ಮಸಿ ಬಳಿದರು. ಭದ್ರತೆಯ ತೇಪೆಗೆ ಮಾಲೀಕರ ಒಪ್ಪಿಗೆ ಕಾಯುತ್ತ ಕೂರಲಾಗದು.

ತಕರಾರಿರುವುದು ತಳಪಾಯವನ್ನೇ ಬದಲಿಸುವ, ತಾಣಗಳಿಗೆ ಸರ್ವರಿನಲ್ಲಿ ಜಾಗ ಕೊಡುವ ಹೋಸ್ಟಿಂಗ್ ಕಂಪನಿಗಳ ಮೇಲೆ. ವರ್ಡ್‌ಪ್ರೆಸ್ ಬರೆದಿರುವ ಭಾಷೆ ಪಿಎಚ್‌ಪಿಯ 7.4 ಆವೃತ್ತಿಯ ಬೆಂಬಲ 2022ರ ನವೆಂಬರ್ 28ಕ್ಕೆ ಮುಗಿಯಿತು. ಹಳತನ್ನು ಉಳಿಸಿಕೊಂಡರೆ ಸರ್ವರಿಗೇ ಅಪಾಯ ಎನ್ನುವ ಕಂಪನಿಗಳ ವಾದ ಸುಳ್ಳಲ್ಲ. ಆದರೆ ಪಿಎಚ್‌ಪಿ 8ರಲ್ಲಿ ಕೆಲವು ಹಳೆಯ ಆದೇಶಗಳೇ ಇಲ್ಲ. ಅವನ್ನು ನಂಬಿ ಬರೆದ ಪ್ಲಗಿನ್ (ತಾಣಕ್ಕೆ ಜೋಡಿಸುವ ಹೆಚ್ಚುವರಿ ತಂತ್ರಾಂಶ) ಸತ್ತುಬಿದ್ದು, ಬೆಳಿಗ್ಗೆ ತಾಣ ತೆರೆದರೆ ಬರೀ ಬಿಳಿ ಪರದೆ. ಮುನ್ಸೂಚನೆಯ ಇ-ಮೇಲ್ ಹೋಗಿರುತ್ತದೆ, ಎಂದೋ ತಾಣ ಕಟ್ಟಿಕೊಟ್ಟು ಬೇರೆ ಕೆಲಸ ಹಿಡಿದ ಹುಡುಗನ ವಿಳಾಸಕ್ಕೆ! ಜರ್ಮನಿಯ ಐಯೋನೋಸ್‌ನಂಥ ಕಂಪನಿಗಳು ಹಳೆಯ ಪಿಎಚ್‌ಪಿಯನ್ನು ಉಳಿಸಿಕೊಡುತ್ತವೆ, ಹೆಚ್ಚುವರಿ ಮಾಸಿಕ ಶುಲ್ಕಕ್ಕೆ. ದುಡ್ಡು ಕೊಟ್ಟರೆ ಅಪಾಯ ನಿಭಾಯಿಸಲು ಬರುತ್ತದೆ ಎಂದಾಯಿತು.

ಕನ್ನಡದ ಹಳೆಯ ತಾಣಗಳಿಗೆ ಇನ್ನೊಂದು ಕಾಟವಿದೆ. ತಾಣದ ಬರಹಗಳನ್ನು ಕಾಪಿಡುವ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ ಬಹುಕಾಲ ಲ್ಯಾಟಿನ್ ಲಿಪಿಯನ್ನೇ ಮಾಮೂಲಿ ಎಂದುಕೊಂಡಿತ್ತು. ಅದು ಬದಲಾದದ್ದು 2018ರ 8.0 ಆವೃತ್ತಿಯಲ್ಲಿ. ಲ್ಯಾಟಿನ್ ಎಂಬ ಹಣೆಪಟ್ಟಿಯ ಡಬ್ಬಿಯಲ್ಲಿ ಕನ್ನಡ ತುಂಬಿಟ್ಟವರ ಡೇಟಾಬೇಸನ್ನು ಅವಸರದಲ್ಲಿ ಹೊಸ ಸರ್ವರಿಗೆ ಸಾಗಿಸಿದರೆ ಲೇಖನಗಳ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಅವು ಹಾಗೆಯೇ ಉಳಿದುಬಿಟ್ಟರೆ, ಹಳೆಯ ಬ್ಯಾಕಪ್ ಇಲ್ಲದವರು ಆ ಬರಹವನ್ನು ಮರೆಯಬೇಕು.

ಅಪ್‌ಡೇಟಿನ ದಾರಿ ಜಗಳದ ಅಸ್ತ್ರವೂ ಆದೀತೆಂದು 2024ರ ಅಕ್ಟೋಬರ್ 12ರಂದು ಗೊತ್ತಾಯಿತು. ಹೋಸ್ಟಿಂಗ್ ಕಂಪನಿ ಡಬ್ಲ್ಯುಪಿ ಇಂಜಿನ್ ಜೊತೆ ಕಾದಾಡುತ್ತಿದ್ದ ವರ್ಡ್‌ಪ್ರೆಸ್ ಸಹಸಂಸ್ಥಾಪಕ ಮ್ಯಾಟ್ ಮುಲೆನ್‌ವೆಗ್, ಆ ಕಂಪನಿಯ ಜನಪ್ರಿಯ ಪ್ಲಗಿನ್ನಿನ ಪುಟವನ್ನು ವರ್ಡ್‌ಪ್ರೆಸ್ ಭಂಡಾರದಲ್ಲಿ ವಶಕ್ಕೆ ತೆಗೆದುಕೊಂಡು ಹೆಸರನ್ನೇ ಬದಲಿಸಿದರು. ಭದ್ರತೆಯ ಕಾರಣವನ್ನೂ ಕೊಟ್ಟರು. ಆ ಭಂಡಾರದಿಂದ ತಾನಾಗಿ ಅಪ್‌ಡೇಟ್ ಆಗುತ್ತಿದ್ದ ತಾಣಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಡಿಸೆಂಬರ್ 10ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಮಧ್ಯಂತರ ಆದೇಶದಲ್ಲಿ ಆ ಪ್ಲಗಿನ್ ಪುಟವನ್ನು ಹಿಂದಿರುಗಿಸಲು ಹೇಳಿತು.

ತೇಪೆ ಕೂಡಲೇ ಬೀಳಲಿ. ಆವೃತ್ತಿ ಬದಲಿಸುವಾಗ ಹೋಸ್ಟಿಂಗ್ ಕಂಪನಿಗಳು ಪ್ರಯೋಗಕ್ಕೊಂದು ನಕಲು ತಾಣ, ಹಿಂದಕ್ಕೆ ಹೋಗಲೊಂದು ಗುಂಡಿ, ಎರಡು ತಿಂಗಳ ಗಡುವು ಕೊಡಲಿ. ಮಾಲೀಕರನ್ನು ಹುಡುಕಿ ತಿಳಿಸುವುದು ಕಷ್ಟವೆಂಬ ನೆಪ ಮಾತ್ರ ನಡೆಯದು. ವಾರ್ಷಿಕ ಶುಲ್ಕದ ದಿನ ಹತ್ತಿರವಾದರೆ ಎಸ್ಸೆಮ್ಮೆಸ್, ವಾಟ್ಸ್ಯಾಪ್, ಕೊನೆಗೆ ಫೋನು ಎಲ್ಲವೂ ಸರಿಯಾದ ನಂಬರಿಗೇ ಬರುತ್ತವಲ್ಲ!