ಯಾಜಕಕಾಂಡದ ‘ಕುಷ್ಠ’ ಯಾವ ರೋಗ?

ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ 13 ಮತ್ತು 14ನೇ ಅಧ್ಯಾಯಗಳ ತುಂಬ ‘ತ್ಸಾರಾಅತ್’ ಎಂಬ ಹೀಬ್ರೂ ಪದವಿದೆ. ಕನ್ನಡ ಬೈಬಲ್ ಓದಿದವರಿಗೆ ಅದು ಕುಷ್ಠ. 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸೆನ್ ಪತ್ತೆಹಚ್ಚಿದ ರೋಗಾಣುವಿನಿಂದ ಬರುವ ಕುಷ್ಠ ಅದಲ್ಲ ಎಂಬುದು ನನ್ನ ವಾದ.

ಕಲೆಯ ಮೇಲಿನ ಕೂದಲು ಬೆಳ್ಳಗಾಗಿದೆಯೇ, ಕಲೆ ಚರ್ಮಕ್ಕಿಂತ ಆಳವಾಗಿ ಕಾಣುತ್ತದೆಯೇ ಎಂದು ಯಾಜಕ ನೋಡುತ್ತಾನೆ. ಅನುಮಾನವಿದ್ದರೆ ಏಳು ದಿನ ಬೇರೆ ಇರಿಸಿ ಮತ್ತೆ ನೋಡುತ್ತಾನೆ. ವರ್ಷಗಟ್ಟಲೆ ಮೆಲ್ಲನೆ ಬೆಳೆಯುವ ಹ್ಯಾನ್ಸೆನ್ ರೋಗದಲ್ಲಿ ಏಳು ದಿನಕ್ಕೆ ಏನು ತಿಳಿದೀತು? ಆ ರೋಗದ ಮುಖ್ಯ ಗುರುತಾದ ಸ್ಪರ್ಶಜ್ಞಾನದ ನಷ್ಟದ ಮಾತೇ ಅಲ್ಲಿಲ್ಲ. ಮೈಯೆಲ್ಲ ಬೆಳ್ಳಗಾದವನನ್ನಂತೂ ಶುದ್ಧನೆಂದು ಸಾರಬೇಕಂತೆ!

ಬಟ್ಟೆಗೂ ತೊಗಲಿಗೂ ಮನೆಗೋಡೆಗೂ ಇದೇ ಪದ. ಗೋಡೆಯಲ್ಲಿ ಹಸಿರು ಇಲ್ಲವೇ ಕೆಂಪು ಕಲೆ ಕಂಡರೆ ಯಾಜಕ ಒಳಗೆ ಕಾಲಿಡುವ ಮುನ್ನವೇ ಸಾಮಾನನ್ನೆಲ್ಲ ಹೊರಗಿಡಿಸುತ್ತಾನೆ, ಇಲ್ಲವಾದರೆ ಅವೂ ಅಶುದ್ಧವಾಗುತ್ತವೆ. ಅಂಟುಜಾಡ್ಯದ ಭಯವಿದ್ದಿದ್ದರೆ ಅದೇ ಮನೆಯ ಪಾತ್ರೆ, ಹಾಸಿಗೆಗಳನ್ನು ಯಾರಾದರೂ ಹಾಗೇ ಬಿಡುತ್ತಿದ್ದರೇ? ಯಾಜಕ ಸಾರಿದ ಮೇಲೆಯೇ ಅಶುದ್ಧಿ. ಇದು ಮಡಿ-ಮೈಲಿಗೆಯ ಲೆಕ್ಕ, ರೋಗನಿದಾನವಲ್ಲ. ಅರಾಮಿನ ಸೇನಾಪತಿ ನಾಮಾನ ಇದೇ ತ್ಸಾರಾಅತ್ ಇಟ್ಟುಕೊಂಡು ದಂಡು ನಡೆಸುತ್ತಿದ್ದ.

ಗೊಂದಲ ಅನುವಾದದಲ್ಲಿ ಬೆಳೆಯಿತು. ಗ್ರೀಕ್ ಭಾಷಾಂತರಕಾರರು ಬಳಸಿದ ‘ಲೆಪ್ರಾ’ ಎಂದರೆ ಹೊಟ್ಟು ಉದುರುವ ಚರ್ಮವ್ಯಾಧಿ. ನಿಜವಾದ ಕುಷ್ಠಕ್ಕೆ ಗ್ರೀಕ್ ವೈದ್ಯರು ‘ಎಲಿಫಂಟಿಯಾಸಿಸ್’ ಎನ್ನುತ್ತಿದ್ದರು. ಮಧ್ಯಯುಗದ ಯುರೋಪಿನಲ್ಲಿ ಎರಡೂ ಒಂದಾದವು. ಆಮೇಲೆ ಯಾಜಕಕಾಂಡದ ಮೈಲಿಗೆಯೆಲ್ಲ ನಿಜವಾದ ರೋಗಿಗಳ ತಲೆಗೆ ಬಿತ್ತು. ನಮ್ಮ ‘ಕುಷ್ಠ’ವೂ ಒಂದು ಕಾಲಕ್ಕೆ ಅಗಲವಾದ ಪದವೇ. ಚರಕಸಂಹಿತೆ ಹೇಳುವ 18 ಬಗೆಗಳಲ್ಲಿ ಕಜ್ಜಿಯೂ ಸೇರಿದೆ.

ಹಾಗೆಂದು ಆ ನಾಡಿನಲ್ಲಿ ಹ್ಯಾನ್ಸೆನ್ ರೋಗ ಇರಲೇ ಇಲ್ಲವೆಂದಲ್ಲ. ಜೆರುಸಲೇಮಿನ ಮೊದಲನೇ ಶತಮಾನದ ಸಮಾಧಿಯೊಂದರಲ್ಲಿ ಅದರ ರೋಗಾಣುವಿನ ಡಿಎನ್ಎ ಸಿಕ್ಕಿದೆ. ಆದ್ದರಿಂದ ಸುವಾರ್ತೆಗಳ ಕಾಲದಲ್ಲಿ ಹೊರಗುಳಿದವರ ನಡುವೆ ಅಂಥ ರೋಗಿಗಳೂ ಇದ್ದಿರಬಹುದು. ಆದರೆ ಯಾಜಕಕಾಂಡದ ನಿಯಮ ಹುಟ್ಟಿದ್ದು ಆ ರೋಗಕ್ಕಾಗಿ ಎನ್ನಲು ಇದು ಸಾಲದು.

ಹ್ಯಾನ್ಸೆನ್ ರೋಗಕ್ಕೆ ಈಗ ಬಹುಔಷಧ ಚಿಕಿತ್ಸೆಯಿದೆ, ಅದು ವಾಸಿಯಾಗುತ್ತದೆ. ಕುಷ್ಠರೋಗಿಗಳನ್ನು ಕೂಡಿಹಾಕಲು ಬ್ರಿಟಿಷರು ತಂದ 1898ರ ಕಾಯಿದೆ 2016ರಲ್ಲಿ ರದ್ದಾಯಿತು. ವಿಚ್ಛೇದನಕ್ಕೆ ಕುಷ್ಠ ಕಾರಣವಾಗಬಹುದಾಗಿದ್ದ ಕಾನೂನು 2019ರಲ್ಲಿ ಹೋಯಿತು. ಬೈಬಲ್ಲಿನ ಕನ್ನಡ ಅನುವಾದಕರಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ಪರಿಷ್ಕರಣೆಯಲ್ಲಿ ಆ ಎರಡು ಅಧ್ಯಾಯಗಳಿಂದ ‘ಕುಷ್ಠ’ವನ್ನು ತೆಗೆಯಿರಿ. ಅಲ್ಲಿಯವರೆಗೆ, ಆ ಭಾಗದ ಮೇಲೆ ಪ್ರಸಂಗ ಮಾಡುವ ಪಾದ್ರಿಗಳು ಇದು ಹ್ಯಾನ್ಸೆನ್ ರೋಗವಲ್ಲವೆಂದು ಸಭೆಗೆ ಬಿಡಿಸಿ ಹೇಳಲಿ.